ಇಡೀ ಕಾಲಂಗೆ ಫಾರ್ಮುಲಾ ಇಳಿಸುವ ಮುನ್ನ

ಲೆಕ್ಕಪತ್ರ ವಿಭಾಗದಲ್ಲಿ ಬೇರೆಯವರು ಸಿದ್ಧಪಡಿಸಿದ ಎಕ್ಸೆಲ್ ಹಾಳೆಗಳನ್ನು ಪರಿಶೀಲಿಸುವುದು ನನ್ನ ಕೆಲಸದ ದೊಡ್ಡ ಪಾಲು. ಅವುಗಳಲ್ಲಿ ಫಾರ್ಮುಲಾವೇ ತಪ್ಪಾಗಿರುವುದು ಅಪರೂಪ. ಮೊದಲ ಸಾಲಿನಲ್ಲಿ ಸರಿಯಾಗಿದ್ದದ್ದು ಕೆಳಗೆ ಇಳಿಯುವಾಗ ಕೆಟ್ಟಿರುತ್ತದೆ, ಇಲ್ಲವೇ ನಡುವೆಯೇ ನಿಂತಿರುತ್ತದೆ.

ಬಿ ಕಾಲಂನಲ್ಲಿ ಪ್ರಮಾಣ, ಸಿ ಕಾಲಂನಲ್ಲಿ ದರ ಇದೆ ಎನ್ನೋಣ. ಡಿ2ರಲ್ಲಿ =ಬಿ2*ಸಿ2 ಬರೆದು, ಆ ಸೆಲ್‌ನ ಬಲಗಡೆಯ ಕೆಳಮೂಲೆಯಲ್ಲಿರುವ ಪುಟ್ಟ ಚೌಕದ ಮೇಲೆ ಡಬಲ್ ಕ್ಲಿಕ್ ಮಾಡುವುದು ಎಲ್ಲರಿಗೂ ಗೊತ್ತಿರುವ ದಾರಿ. ಆದರೆ ಎಲ್ಲಿಯವರೆಗೆ ಇಳಿಯಬೇಕೆಂಬುದನ್ನು ಎಕ್ಸೆಲ್ ಪಕ್ಕದ ಮಾಹಿತಿಯನ್ನು ನೋಡಿ ತೀರ್ಮಾನಿಸುವುದರಿಂದ, ನಡುವೆ ಒಂದು ಸಾಲು ಪೂರ್ತಿ ಖಾಲಿಯಿದ್ದರೆ ಫಾರ್ಮುಲಾ ಅಲ್ಲಿಗೇ ನಿಲ್ಲುತ್ತದೆ, ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ಕೊನೆಯ ಸಾಲು ಯಾವುದೆಂದು ಗೊತ್ತಿದ್ದರೆ, ಫಾರ್ಮುಲಾ ಪಟ್ಟಿಯ ಎಡಕ್ಕಿರುವ ನೇಮ್ ಬಾಕ್ಸ್‌ನಲ್ಲಿ ಡಿ2:ಡಿ5000 ಎಂದು ಬರೆದು ಎಂಟರ್ ಒತ್ತಿ, ಫಾರ್ಮುಲಾ ಟೈಪ್ ಮಾಡಿ, ಕಂಟ್ರೋಲ್ ಮತ್ತು ಎಂಟರ್ ಒಟ್ಟಿಗೆ ಒತ್ತುವುದೇ ಭದ್ರ. ಕಾಲಂನ ತಲೆಯ ಮೇಲೆ ಕ್ಲಿಕ್ ಮಾಡಿ ಎಲ್ಲ 10,48,576 ಸಾಲುಗಳಿಗೂ ತುಂಬುವವರಿದ್ದಾರೆ; ಅಂಥ ಫೈಲ್ ತೆರೆಯಲು ಕಾಯುವ ಕೆಲಸ ಕೊನೆಗೆ ನನ್ನ ಪಾಲಿಗೆ ಬರುತ್ತದೆ.

ಇದಕ್ಕಿಂತ ಅಪಾಯಕಾರಿಯಾದದ್ದು ಜಾರುವ ಉಲ್ಲೇಖ, ಅಂದರೆ ಫಾರ್ಮುಲಾದಲ್ಲಿ ಬರೆದ ಸೆಲ್‌ನ ವಿಳಾಸ ಕದಲುವುದು. ತೆರಿಗೆ ದರ ಎಚ್1ರಲ್ಲಿದ್ದು, ಇ2ರಲ್ಲಿ =ಡಿ2*ಎಚ್1 ಎಂದು ಬರೆದು ಕೆಳಗೆ ಎಳೆದರೆ, ಮುಂದಿನ ಸಾಲಿನಲ್ಲಿ ಅದು =ಡಿ3*ಎಚ್2 ಆಗುತ್ತದೆ. ಎಚ್2 ಖಾಲಿಯಿದ್ದರೆ ಸೊನ್ನೆ ಬರುತ್ತದೆ, ಕಣ್ಣಿಗೂ ಬೀಳುತ್ತದೆ. ಅಲ್ಲಿ ಹಳೆಯ ದರವೊಂದು ಉಳಿದಿದ್ದರೆ ನಂಬುವಂತಿರುವ ತಪ್ಪು ಮೊತ್ತ ಬರುತ್ತದೆ. ಉಲ್ಲೇಖದ ಮೇಲೆ ಕರ್ಸರ್ ಇಟ್ಟು ಎಫ್4 ಕೀ ಒತ್ತಿದರೆ ಅದು $ಎಚ್$1 ಆಗಿ ಕದಲದೆ ನಿಲ್ಲುತ್ತದೆ.

ದಿನವೂ ಸಾಲುಗಳು ಸೇರುತ್ತಿರುವ ಹಾಳೆಯಾದರೆ ಕಂಟ್ರೋಲ್ ಮತ್ತು ಟಿ ಒತ್ತಿ ಅದನ್ನು ಟೇಬಲ್ ಆಗಿ ಮಾಡಿಬಿಡುವುದು ನನ್ನ ಸಲಹೆ. ಹೊಸ ಸಾಲು ಸೇರಿದಂತೆ ಫಾರ್ಮುಲಾ ತಾನಾಗಿಯೇ ಇಳಿಯುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಈ ಕೆಲಸವನ್ನು, ಒಂದೇ ಸೆಲ್‌ನಲ್ಲಿ ಬರೆದು ಇಡೀ ಕಾಲಂ ತುಂಬುವ ಅರೇಫಾರ್ಮುಲಾ ಎಂಬ ಫಂಕ್ಷನ್ ಮಾಡುತ್ತದೆ. ಆದರೆ ಅದು ತುಂಬಬೇಕಾದ ಜಾಗದಲ್ಲಿ ಯಾರಾದರೂ ಕೈಯಿಂದ ಒಂದು ಅಂಕಿ ಟೈಪ್ ಮಾಡಿದರೆ ಇಡೀ ಕಾಲಂನ ಫಲಿತಾಂಶ ಮಾಯವಾಗಿ ದೋಷದ ಸೂಚನೆಯೊಂದೇ ಉಳಿಯುತ್ತದೆ.

ತುಂಬಿದ ಮೇಲೆ ಎಲ್ಲ ಸಾಲಿನಲ್ಲೂ ಒಂದೇ ಅಂಕಿ ಕಂಡರೆ ಲೆಕ್ಕಾಚಾರ ಮ್ಯಾನುಯಲ್‌ನಲ್ಲಿದೆಯೇ, ಅಂದರೆ ನಾವು ಹೇಳಿದಾಗ ಮಾತ್ರ ನಡೆಯುವಂತಿದೆಯೇ ಎಂದು ನೋಡಬೇಕು. ಎಫ್9 ಒತ್ತಿದರೆ ಸಾಕು. ಕೊನೆಯದಾಗಿ, ಡಿ ಕಾಲಂನ ಮೊತ್ತವನ್ನು =ಸಮ್‌ಪ್ರಾಡಕ್ಟ್(ಬಿ2:ಬಿ5000,ಸಿ2:ಸಿ5000) ಸಾಲುಸಾಲಾಗಿ ಗುಣಿಸಿ ಕೂಡಿ ಕೊಡುವ ಮೊತ್ತದೊಂದಿಗೆ ತಾಳೆ ನೋಡುತ್ತೇನೆ. ಎರಡೂ ಹೊಂದದಿದ್ದರೆ ಒಂದೋ ಫಾರ್ಮುಲಾ ಎಲ್ಲೋ ನಿಂತಿದೆ, ಇಲ್ಲವೇ ಕೆಲವು ಅಂಕಿಗಳು ಪಠ್ಯದ ರೂಪದಲ್ಲಿ ಕುಳಿತಿವೆ: ನೇರ ಗುಣಾಕಾರ ಅವನ್ನು ಸಂಖ್ಯೆಯೆಂದೇ ತೆಗೆದುಕೊಳ್ಳುತ್ತದೆ, ಸಮ್‌ಪ್ರಾಡಕ್ಟ್ ಸೊನ್ನೆಯೆಂದು ಎಣಿಸುತ್ತದೆ.