ಸಿಐಡಿ 999 ನೋಡುವಾಗ ಚಿತ್ರ ಹಿಗ್ಗಿಸಬೇಡಿ

ದೊರೈ-ಭಗವಾನ್ ಜೋಡಿಯ 'ಜೇಡರ ಬಲೆ' (1968) ಕಪ್ಪು-ಬಿಳುಪು ಚಿತ್ರ. ರಾಜಕುಮಾರ್ ಸಿಐಡಿ 999 ಎಂಬ ಗೂಢಚಾರಿ, ಜೊತೆಗೆ ಜಯಂತಿ. ಅಂದಿನ ಗೂಢಚಾರಿ ಚಿತ್ರಗಳ ಮಜಾ ಇರುವುದೇ ಅತಿರೇಕದಲ್ಲಿ: ಮಿಣಮಿಣ ದೀಪಗಳ ಅಡಗುತಾಣ, ಗುಂಡು ಹಾರಿಸುವ ಬದಲು ತನ್ನ ಸಂಚನ್ನೆಲ್ಲ ವಿವರಿಸುತ್ತ ನಿಲ್ಲುವ ಖಳ. ಅಗ್ಗದ ಸೆಟ್ಟನ್ನು ಅರ್ಧ ಮುಚ್ಚಿಡುವುದು ನೆರಳು. ಹಾಗಾಗಿ ಬ್ರೈಟ್‌ನೆಸ್ ಏರಿಸಿದರೆ ಪ್ಲೈವುಡ್ಡು ಎದ್ದು ಕಾಣುತ್ತದೆ, ಭಯ ಓಡಿಹೋಗುತ್ತದೆ.

ಚಿಕ್ಕಮಗಳೂರಿನ ತೋಟದ ಮನೆಯಲ್ಲಿ ಪ್ರೊಜೆಕ್ಟರ್ ಹಾಕುವವರು ಮೊದಲು ಚಿತ್ರದ ಅಗಲ-ಎತ್ತರದ ಅನುಪಾತವನ್ನು 4:3ಕ್ಕೆ ಇಡಿ. 6 ಅಡಿ ಅಗಲಕ್ಕೆ ನಾಲ್ಕೂವರೆ ಅಡಿ ಎತ್ತರ ಬೇಕು. ಈಗಿನ ಅಗಲ ಪರದೆಯ 16:9ಕ್ಕೆ ಎಳೆದರೆ ಅಣ್ಣಾವ್ರ ಮುಖ ಮೂರನೇ ಒಂದು ಭಾಗದಷ್ಟು ಅಗಲವಾಗುತ್ತದೆ. ಕತ್ತರಿಸಿದರೆ ಎತ್ತರದ ಕಾಲು ಭಾಗವೇ ಹೋಗುತ್ತದೆ, ಸಾಮಾನ್ಯವಾಗಿ ಟೋಪಿಯ ಸಮೇತ. ಪಕ್ಕದ ಕಪ್ಪು ಪಟ್ಟಿ ಇದ್ದರೆ ಇರಲಿ ಬಿಡಿ.

ಧ್ವನಿ ಮೋನೊ, ಅಂದರೆ ಒಂದೇ ಚಾನೆಲ್‌ನದು. ಪರದೆಯ ಕೆಳಗೆ, ನಡುವೆ ಒಂದೇ ಸ್ಪೀಕರ್ ಸಾಕು. 'ಸರೌಂಡ್' ಒತ್ತಿದರೆ ಜಿ.ಕೆ. ವೆಂಕಟೇಶ್ ಅವರ ಸಂಗೀತ ಬಾವಿಯೊಳಗಿಂದ ಬಂದಂತಿರುತ್ತದೆ. ಬೇಸ್ ತಗ್ಗಿಸಿ, ಇಲ್ಲದಿದ್ದರೆ ಹಳೆ ಪ್ರಿಂಟಿನ ಗುಂಯ್‌ಗುಡುವಿಕೆಯೇ ಮೇಲೇಳುತ್ತದೆ. ಜುಲೈ ಮಳೆಯಲ್ಲಿ ತಗಡಿನ ಮಾಡಿನ ಕೆಳಗೆ ಮಾತ್ರ ಯಾವ ಸೆಟ್ಟಿಂಗೂ ನಡೆಯದು, ಹಂಚಿನ ಕೋಣೆಗೆ ಬನ್ನಿ.

ದೀಪದ ಪ್ರೊಜೆಕ್ಟರಾದರೆ ಯುಪಿಎಸ್ ಕಡ್ಡಾಯ: ಕರೆಂಟ್ ಹೋದಾಗ ಫ್ಯಾನ್ ನಿಂತು, ಬಿಸಿ ಒಳಗೇ ಉಳಿದು ದೀಪದ ಆಯಸ್ಸು ಕುಗ್ಗುತ್ತದೆ.

ರುಚಿ ಹತ್ತಿದರೆ ಅದೇ ವರ್ಷದ 'ಗೋವಾದಲ್ಲಿ ಸಿಐಡಿ 999' ನೋಡಿ. 1978ರ 'ಆಪರೇಷನ್ ಡೈಮಂಡ್ ರಾಕೆಟ್' ಬಣ್ಣದ್ದು, ಅದಕ್ಕೆ ಕಲರ್ ಸೆಟ್ಟಿಂಗ್ ಬೇರೆಯೇ ಮಾಡಿಕೊಳ್ಳಬೇಕು.