ಹುಡುಗನೊಬ್ಬನೇ ಮನೆಯಲ್ಲಿ, ನಾಲ್ಕು ದಿನ

ಏಪ್ರಿಲ್ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ಒಂದೇ ವಾರಕ್ಕೆ ಎರಡು ಕೆಲಸ ಕೂಡಿ ಬರುತ್ತವೆ. ಬಳ್ಳಾರಿ ಕಡೆ ಬೀಗರ ಮನೆಯಲ್ಲಿ ಲಗ್ನ, ಇಲ್ಲಿ ಹುಡುಗನದು ಸಿಇಟಿ. ಅವನನ್ನು ಕರೆದುಕೊಂಡು ಹೋಗುವಂತಿಲ್ಲ, ಹಿರಿಯರು ಹೋಗದೆ ಇರುವಂತಿಲ್ಲ. ಆಗ ಹೆಚ್ಚಿನವರು ನಾಲ್ಕು ದಿನದ ಅಡುಗೆ ಮಾಡಿ ಫ್ರಿಜ್ಜಿಗೆ ತುಂಬಿಟ್ಟು ಹೊರಟುಬಿಡುತ್ತಾರೆ. ಮೊದಲ ತಪ್ಪು ಅದೇ. ಮಧ್ಯಾಹ್ನ ಎರಡು ತಾಸು ಕರೆಂಟ್ ಹೋಗುತ್ತದೆ, ಹುಡುಗ ಪಾತ್ರೆ ಹೊರಗೆ ತೆಗೆದವನು ಮತ್ತೆ ಒಳಗಿಡಲು ಮರೆಯುತ್ತಾನೆ, ಎರಡನೆಯ ದಿನಕ್ಕೆ ಪಲ್ಯ ಹಳಸುತ್ತದೆ. ಮೂರನೆಯ ದಿನ ಅವನು ಗಿರಮಿಟ್ ಗಾಡಿಯ ಮುಂದೆ ನಿಂತಿರುತ್ತಾನೆ. ಮಾಡಿದ ಅಡುಗೆಯ ಬದಲು ಕೆಡದ ರೊಟ್ಟಿ, ಅಳೆದಿಟ್ಟ ಅಕ್ಕಿ-ಬೇಳೆ ಬಿಟ್ಟು ಹೋಗಿ. ಜೊತೆಗೆ ಒಂದೇ ಒಂದು ಕುಕ್ಕರಿನ ಅಡುಗೆ ಅವನ ಕೈಗೆ ಕೂತಿರಲಿ.

ಇದು ಪಿಯುಸಿ ಓದುವ, ಹದಿನಾರು-ಹದಿನೇಳು ದಾಟಿದ ಹುಡುಗನ ಮಾತು. ಹದಿಮೂರರ ಹುಡುಗನನ್ನು ಹಗಲು ಮೂರು-ನಾಲ್ಕು ತಾಸು ಬಿಡಬಹುದು, ಅದೂ ಒಲೆ ಹಚ್ಚದ ಕರಾರಿನ ಮೇಲೆ. ರಾತ್ರಿ ಬೇಡ.

ಕಲಿಸುವ ಕೆಲಸ ಹದಿನೈದು ದಿನ ಮೊದಲೇ ಶುರುವಾಗಬೇಕು. ಒಂದೇ ಅಡುಗೆಯನ್ನು ಅವನಿಂದ ಮೂರು ಸಲ ಮಾಡಿಸಿ. ಮೊದಲ ಸಲ ಹೇಳಿಕೊಡಿ. ಎರಡನೆಯ ಸಲ ಅಡುಗೆಮನೆಯ ಹೊಸ್ತಿಲ ಮೇಲೆ ಸುಮ್ಮನೆ ಕೂಡಿ, ಕೈ ಹಾಕಬೇಡಿ. ಮೂರನೆಯ ಸಲ ಪಕ್ಕದ ಮನೆಗೆ ಹೋಗಿ ಕೂಡಿ. ಗಂಡುಹುಡುಗನನ್ನು ಒಲೆ ಮುಂದೆ ನಿಲ್ಲಿಸುವುದೇನು ಎಂದು ಅಜ್ಜಿ ಗೊಣಗಿದರೆ ಗೊಣಗಲಿ. ಹಸಿವು ಹೆಣ್ಣು-ಗಂಡು ನೋಡಿ ಬರುವುದಿಲ್ಲ.

ಬುನಾದಿ ಖಡಕ್ ರೊಟ್ಟಿ. ಚೆನ್ನಾಗಿ ಒಣಗಿದ ತೆಳ್ಳನೆಯ ಜೋಳದ ರೊಟ್ಟಿ ವಾರಗಟ್ಟಲೆ ಇರುತ್ತದೆ, ಅದಕ್ಕೆ ಬೇಕಿರುವುದು ಬಿಗಿ ಮುಚ್ಚಳದ ಡಬ್ಬಿ ಮಾತ್ರ. ಮನೆಯಲ್ಲಿ ಬಡಿಯಲು ಪುರುಸೊತ್ತಿಲ್ಲದಿದ್ದರೆ ರೊಟ್ಟಿ ಮಾರುವ ಅಂಗಡಿಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಬೆಳೆಯುವ ಹುಡುಗ ಒಂದು ಹೊತ್ತಿಗೆ ನಾಲ್ಕು ತಿನ್ನುತ್ತಾನೆ, ನಾಲ್ಕು ದಿನಕ್ಕೆ ಮೂವತ್ತು ಇಡಿ. ಜೊತೆಗೆ ಕಾಲು ಕಿಲೋ ಶೇಂಗಾ ಹಿಂಡಿ (ಚಟ್ನಿಪುಡಿ), ಸ್ವಲ್ಪ ಗುರೆಳ್ಳು ಹಿಂಡಿ, ಮೊಸರು, ನಾಲ್ಕು ಸವತೆಕಾಯಿ, ಉಳ್ಳಾಗಡ್ಡಿ. ಹಿಂಡಿಗೆ ಒದ್ದೆ ಚಮಚೆ ಹಾಕಿದರೆ ಬೂಸ್ಟು ಬರುತ್ತದೆ. ಆದ್ದರಿಂದ ಡಬ್ಬಿಯೊಳಗೇ ಒಂದು ಒಣ ಚಮಚೆ ಇಟ್ಟುಬಿಡಿ. ಕರೆಂಟ್ ಹೋಗಲಿ, ಗ್ಯಾಸ್ ಮುಗಿಯಲಿ, ಈ ಊಟ ನಿಲ್ಲುವುದಿಲ್ಲ.

ಬಿಸಿ ಊಟಕ್ಕೆ ಹೆಸರುಬೇಳೆ ಖಿಚಡಿ. ಅನ್ನ ಬೇರೆ, ಸಾರು ಬೇರೆ ಎಂದು ಹಚ್ಚಿದರೆ ಎರಡೂ ಕೆಡುತ್ತವೆ. ಮೂರು ಲೀಟರ್ ಕುಕ್ಕರಿಗೆ 200 ಮಿಲಿಲೀಟರ್ ಹಿಡಿಯುವ ಸ್ಟೀಲ್ ಗ್ಲಾಸಿನಲ್ಲಿ ಮುಕ್ಕಾಲು ಗ್ಲಾಸು ಅಕ್ಕಿ, ಕಾಲು ಗ್ಲಾಸು ಹೆಸರುಬೇಳೆ. ಎರಡು ಸಲ ತೊಳೆದು ನಾಲ್ಕು ಗ್ಲಾಸು ನೀರು, ಒಂದು ಚಹಾ ಚಮಚೆ ಉಪ್ಪು, ಚಿಟಿಕೆ ಅರಿಶಿಣ, ಅರ್ಧ ಚಮಚೆ ಜೀರಿಗೆ, ಒಂದು ಚಮಚೆ ತುಪ್ಪ. ನಾಲ್ಕು ಸೀಟಿ ಆದ ಮೇಲೆ ಒಲೆ ಆರಿಸಿ, ಹತ್ತು-ಹದಿನೈದು ನಿಮಿಷ ಮುಟ್ಟದೆ ಬಿಡಬೇಕು. ಅಳತೆಯ ಗೊಂದಲ ತಪ್ಪಿಸಲು ಅಕ್ಕಿ-ಬೇಳೆ ಕೂಡಿಸಿ ಒಂದೊಂದು ಹೊತ್ತಿನದನ್ನು ಒಂದೊಂದು ಡಬ್ಬಿಯಲ್ಲಿ ಹಾಕಿಟ್ಟು, ಆ ಗ್ಲಾಸನ್ನೂ ಪಕ್ಕಕ್ಕಿಡಿ. ಮನೆಯಲ್ಲಿ ಮೂರು ಅಳತೆಯ ಗ್ಲಾಸುಗಳಿರುತ್ತವೆ, ಅವನು ದೊಡ್ಡದನ್ನೇ ಹುಡುಕಿ ತೆಗೆಯುತ್ತಾನೆ.

ಕುಕ್ಕರ್ ಎಲ್ಲೆಲ್ಲಿ ಕೈ ಕೊಡುತ್ತದೆ ಎಂಬುದನ್ನು ಮುಟ್ಟಿ ತೋರಿಸಬೇಕು. ಬೇಳೆ ನೊರೆ ಉಕ್ಕಿಸಿ ಆವಿ ಹೋಗುವ ಕೊಳವೆಗೆ ಅಡರಿಕೊಳ್ಳುತ್ತದೆ, ಅದಕ್ಕೇ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಮುಚ್ಚುವ ಮೊದಲು ಮುಚ್ಚಳವನ್ನು ಬೆಳಕಿಗೆ ಹಿಡಿದು ಕೊಳವೆಯ ತೂತು ಆರಪಾರು ಕಾಣುತ್ತದೆಯೇ ನೋಡಲಿ. ಬದಿಯಿಂದ ಆವಿ ಸೋರಿದರೆ ರಬ್ಬರು ಸರಿಯಾಗಿ ಕೂತಿಲ್ಲ ಅಥವಾ ಸಡಿಲಾಗಿದೆ. ಒಲೆ ಆರಿಸಿ, ತಣ್ಣಗಾದ ಮೇಲೆ ರಬ್ಬರು ತೊಳೆದು ಕೂಡಿಸಲಿ. ಹತ್ತು ನಿಮಿಷವಾದರೂ ಸೀಟಿ ಇಲ್ಲ, ಆವಿಯೂ ಇಲ್ಲ ಎಂದರೆ ಆರಿಸಿ ದೂರ ಸರಿಯುವುದೇ ಸರಿ. ಹಿಡಿಕೆ ತಿರುಗದಿದ್ದರೆ ಒಳಗೆ ಒತ್ತಡ ಇದೆ ಎಂದರ್ಥ. ಅದನ್ನು ಬಲ ಹಾಕಿ ತೆರೆಯಲು ಹೋಗಿ ಮುಖ ಸುಟ್ಟುಕೊಂಡವರಿದ್ದಾರೆ.

ಮುಂಜಾನೆಗೆ ಸೂಸ್ಲಾ ಸಾಕು. ಮೂರು ಬೊಗಸೆ ಚುರುಮುರಿ ನೀರಿನಲ್ಲಿ ಅದ್ದಿ ಕೂಡಲೇ ಹಿಂಡಿ ತೆಗೆಯಬೇಕು, ಅರ್ಧ ನಿಮಿಷ ಹೆಚ್ಚು ಬಿಟ್ಟರೆ ಮುದ್ದೆಯಾಗುತ್ತದೆ. ಒಗ್ಗರಣೆಗೆ ಎರಡು ಚಮಚೆ ಎಣ್ಣೆ, ಸಾಸಿವೆ, ಉಳ್ಳಾಗಡ್ಡಿ, ಎರಡು ಹಸಿಮೆಣಸಿನಕಾಯಿ, ಅರಿಶಿಣ, ಉಪ್ಪು. ಮೆಣಸಿನಕಾಯಿಯ ನೀರು ಒರೆಸದೆ ಹಾಕಿದರೆ ಎಣ್ಣೆ ಮುಖಕ್ಕೆ ಸಿಡಿಯುತ್ತದೆ. ಪುಟಾಣಿ ಹಿಟ್ಟು ಒಲೆ ಆರಿಸಿದ ಮೇಲೆ, ಮೊದಲೇ ಹಾಕಿದರೆ ಸೀಯುತ್ತದೆ. ಬಾಣಲೆಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು, ಒಲೆ ಆರಿಸಿ ತಾಟು ಮುಚ್ಚಬೇಕು.

ಇನ್ನು ಹಾಲು. ಒಬ್ಬನೇ ಇರುವ ಮನೆಯಲ್ಲಿ ನಿಜಕ್ಕೂ ಹೆದರಬೇಕಾದದ್ದು ಇದಕ್ಕೆ. ಅರ್ಧ ಲೀಟರ್ ನಂದಿನಿ ಪಾಕೀಟು ಒಡೆದು ಸಣ್ಣ ಪಾತ್ರೆಗೆ ಹಾಕುತ್ತಾನೆ, ಒಲೆ ದೊಡ್ಡದು ಮಾಡಿ ಫೋನ್ ಹಿಡಿದು ಹೊರಗೆ ಹೋಗುತ್ತಾನೆ. ಹಾಲಿನ ಮೇಲೆ ಕೆನೆ ಕಟ್ಟುತ್ತದೆ, ಕೆಳಗಿನ ಆವಿ ಆ ಕೆನೆಯನ್ನು ಎತ್ತಿಕೊಂಡು ಒಮ್ಮೆಲೇ ಮೇಲೇಳುತ್ತದೆ. ಉಕ್ಕಿದ ಹಾಲು ಬರ್ನರ್ ಮೇಲೆ ಇಳಿದು ಉರಿ ಆರಿಸುತ್ತದೆ. ಉರಿ ಆರಿದರೂ ಗ್ಯಾಸ್ ನಿಲ್ಲುವುದಿಲ್ಲ, ನಮ್ಮ ಸಾಮಾನ್ಯ ಒಲೆಗಳಲ್ಲಿ ತಾನಾಗಿ ಬಂದ್ ಆಗುವ ವ್ಯವಸ್ಥೆ ಇರುವುದಿಲ್ಲ. ಆ ಗ್ಯಾಸ್ ಗಾಳಿಗಿಂತ ಭಾರ, ಮೇಲೆ ಹೋಗದೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಹುಡುಗ ವಾಪಸ್ ಬಂದು ಒಲೆ ಆರಿದೆಯಲ್ಲ ಎಂದು ಲೈಟರ್ ಒತ್ತುತ್ತಾನೆ.

ಆದ್ದರಿಂದ ಎರಡು ಲೀಟರ್ ಪಾತ್ರೆಯಲ್ಲಿ ಅರ್ಧ ಲೀಟರ್ ಹಾಲು, ಸಣ್ಣ ಉರಿ, ಕಾಯುವವರೆಗೆ ಅಲ್ಲೇ ನಿಲ್ಲುವುದು, ಫೋನ್ ಇನ್ನೊಂದು ಕೋಣೆಯಲ್ಲಿ. ವಾಸನೆ ಬಂದರೆ ಮಾಡುವ ಕ್ರಮ ಅವನಿಗೆ ಬಾಯಿಪಾಠ ಆಗಿರಬೇಕು: ಒಲೆಯ ಕಿವಿ ಬಂದ್, ಸಿಲಿಂಡರಿನ ರೆಗ್ಯುಲೇಟರ್ ಬಂದ್, ಕಿಟಕಿ-ಬಾಗಿಲು ಎಲ್ಲ ತೆರೆದು ಹೊರಗೆ ಬರುವುದು. ಲೈಟಾಗಲಿ ಫ್ಯಾನಾಗಲಿ ಹಾಕುವುದೂ ಬೇಡ, ಆರಿಸುವುದೂ ಬೇಡ, ಸ್ವಿಚ್ಚಿನೊಳಗಿನ ಕಿಡಿಯೇ ಸಾಕು. ಹೊರಗೆ ಬಂದ ಮೇಲೆ 1906ಕ್ಕೆ ಫೋನ್. ಅದು ಗ್ಯಾಸ್ ಸೋರಿಕೆಗೆಂದೇ ಇರುವ ನಂಬರು. ರಾತ್ರಿ ಮಲಗುವ ಮೊದಲು ರೆಗ್ಯುಲೇಟರ್ ಬಂದ್ ಮಾಡುವ ರೂಢಿ ಈ ಹದಿನೈದು ದಿನಗಳಲ್ಲೇ ಬೀಳಲಿ. ಸಿಲಿಂಡರ್ ಬದಲಿಸುವುದನ್ನು ಅವನ ಪಾಲಿಗೆ ಬಿಡಬೇಡಿ, ಹೊರಡುವ ಮೊದಲೇ ತುಂಬಿದ್ದನ್ನು ಹಚ್ಚಿ, ಪೈಪಿನ ಎರಡೂ ತುದಿಗೆ ಸೋಪಿನ ನೀರು ಬಿಟ್ಟು ಗುಳ್ಳೆ ಏಳುತ್ತದೆಯೇ ನೋಡಿ.

ಉಳಿದ ಅನ್ನದ ಬಗ್ಗೆ ಹುಡುಗರಿಗೆ ಯಾರೂ ಹೇಳುವುದಿಲ್ಲ. ಅಕ್ಕಿಯಲ್ಲಿರುವ ಒಂದು ಜಾತಿಯ ಸೂಕ್ಷ್ಮಾಣುವಿನ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಬೆಳೆದು ವಿಷ ಬಿಡುತ್ತವೆ, ಮತ್ತೆ ಕಾಯಿಸಿದರೂ ಆ ವಿಷ ಹೋಗುವುದಿಲ್ಲ. ಮಧ್ಯಾಹ್ನದ ಖಿಚಡಿಯನ್ನು ಕುಕ್ಕರಿನಲ್ಲೇ ಬಿಟ್ಟು ರಾತ್ರಿ ತಿಂದು, ಬೆಳಗಿನ ಜಾವ ವಾಂತಿ ಮಾಡಿಕೊಳ್ಳುವುದು ಹೀಗೆ. ಉಂಡ ಮೇಲೆ ಉಳಿದರೆ ಎರಡು ತಾಸಿನೊಳಗೆ ಫ್ರಿಜ್ಜಿಗೆ, ಮರುದಿನ ಮುಗಿಸದಿದ್ದರೆ ಕಸಕ್ಕೆ. ಫ್ರಿಜ್ ಇಲ್ಲದ ಮನೆಯಲ್ಲಿ ಆ ಹೊತ್ತಿನದು ಆ ಹೊತ್ತಿಗೆ.

ನಮ್ಮ ಊರುಗಳಲ್ಲಿ ಮರೆಯಬಾರದ ಇನ್ನೊಂದು ಸಂಗತಿ ನಳದ ನೀರು. ದಿನವೂ ನೀರು ಬರದ ಓಣಿಯಾದರೆ ಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಯಾವ ವಾಲ್ವ್, ಯಾವ ಮೋಟರ್, ಟಾಕಿ ತುಂಬಿತೆಂದು ಗೊತ್ತಾಗುವುದು ಹೇಗೆ ಎಂಬುದನ್ನು ಒಂದು ಸಲ ಅವನಿಂದಲೇ ಮಾಡಿಸಿ. ಒಣ ನಳ ತಿರುವಿ ನೋಡಿ ಹಾಗೇ ಬಿಟ್ಟರೆ ನಡುರಾತ್ರಿ ನೀರು ಬಂದು ಹರಿದುಹೋಗುತ್ತದೆ, ಮುಂದಿನ ಸರದಿಯವರೆಗೆ ಟಾಕಿ ಖಾಲಿ. ಕುಡಿಯುವ ನೀರಿನ 20 ಲೀಟರಿನ ಎರಡು ಕ್ಯಾನು ತುಂಬಿಸಿಡಿ.

ಸ್ನಾನಕ್ಕೆ ಬಕೆಟ್ಟಿನಲ್ಲಿ ಇಳಿಬಿಟ್ಟು ನೀರು ಕಾಯಿಸುವ ಕರೆಂಟ್ ಕಾಯಿಲ್ ಬಳಸುವ ಮನೆಯಾದರೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆಯೇ ನೀರು ಮುಟ್ಟಬೇಕು. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಬಕೆಟ್ ತುಂಬಿಸಿಕೊಂಡು ಅದನ್ನು ಬಂದ್ ಮಾಡಿಯೇ ಬಾಗಿಲು ಹಾಕಲಿ. ಮುಚ್ಚಿದ ಬಚ್ಚಲಲ್ಲಿ ಅದು ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಕೈ ಸುಟ್ಟರೆ ಹರಿಯುವ ನೀರಿನಡಿ 20 ನಿಮಿಷ, ಪೇಸ್ಟ್ ಬೇಡ, ಐಸ್ ಬೇಡ. ವಾಂತಿ-ಭೇದಿಗೆ ಓಆರ್‌ಎಸ್ ಪುಡಿ ಒಂದು ಪಾಕೀಟಿಗೆ ಒಂದು ಲೀಟರ್ ನೀರು, ಪಾಕೀಟಿನ ಮೇಲೆ ಬೇರೆ ಅಳತೆ ಇದ್ದರೆ ಅದರಂತೆ. ಆಂಬುಲೆನ್ಸಿಗೆ 108, ಪೊಲೀಸರಿಗೆ 112. ಈ ನಂಬರುಗಳು ಫೋನಿನಲ್ಲಷ್ಟೇ ಇದ್ದರೆ ಸಾಲದು, ಫ್ರಿಜ್ಜಿನ ಮೇಲೆ ಬರೆದು ಅಂಟಿಸಿ. ಒಂದು ಕೀಲಿ ಪಕ್ಕದ ಮನೆಯ ಕಾಕು ಹತ್ತಿರ ಇರಲಿ. ಹಾಗೆಯೇ ಅವನ ಕೈಗೆ 500 ರೂಪಾಯಿ ನಗದು ಕೊಡಿ, ನೆಟ್‌ವರ್ಕ್ ಇಲ್ಲದ ದಿನ ಫೋನ್‌ಪೇ ಹೊಟ್ಟೆ ತುಂಬಿಸುವುದಿಲ್ಲ. ಒಂದು ಹೊತ್ತು ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡಿ ಬರಲಿ, ಅದರಲ್ಲಿ ಸೋಲೇನಿಲ್ಲ.

ಫೋನ್ ದಿನಕ್ಕೆ ಎರಡೇ ಸಲ. 'ಊಟ ಆತೇನು ತಮ್ಮಾ?' ಎಂದರೆ 'ಹೂಂ, ಆತು' ಎನ್ನುತ್ತಾನೆ, ಉಂಡಿರಲಿ ಬಿಡಲಿ. 'ಡಬ್ಬಿ ಎಷ್ಟ ಉಳದಾವು? ಕುಕ್ಕರ್ ತೊಳದಿ ಏನು?' ಎಂದು ಕೇಳಿ, ನಿಜ ಹೊರಬೀಳುತ್ತದೆ.

ವಾಪಸ್ ಬರುವ ದಿನ ಬಸ್ಸು ಅಣ್ಣಿಗೇರಿ ದಾಟಿದ ಮೇಲೆ ಫೋನ್ ಮಾಡಿ, ನಾಲ್ಕು ಮಂದಿಗೆ ಖಿಚಡಿ ಇಡಲು ಹೇಳಿ. ಎರಡೂವರೆ ಗ್ಲಾಸು ಅಕ್ಕಿ-ಬೇಳೆ, ಹತ್ತು ಗ್ಲಾಸು ನೀರು. ಮೂರು ಲೀಟರ್ ಕುಕ್ಕರಿನಲ್ಲಿ ಅದು ಹಿಡಿಸುವುದಿಲ್ಲ, ಹೋಗುವ ಮುಂಚೆಯೇ ಐದು ಲೀಟರಿನದನ್ನು ಅಟ್ಟದಿಂದ ಇಳಿಸಿ, ಅದರ ರಬ್ಬರು ನೋಡಿ ಇಟ್ಟಿರಿ.