ಆಲೆಮನೆ, ಚಾಮುಂಡಿ ಬೆಟ್ಟ, ಕಾವೇರಿ: ಮಕ್ಕಳಿಗೆ ಜ್ವಾಲಾಮುಖಿ ತೋರಿಸಲು ಒಂದು ದಿನದ ಪ್ರವಾಸ

ಅಡುಗೆ ಸೋಡಾ, ವಿನೆಗರ್, ಸ್ವಲ್ಪ ಕೆಂಪು ಬಣ್ಣ. ಎಂಟನೇ ತರಗತಿಗೆ ಶಿಲಾಗೋಳದ ಪಾಠ ಬಂದಾಗಲೆಲ್ಲ ನಾನು ಮೇಜಿನ ಮೇಲೆ ಕಕ್ಕಿಸುತ್ತಿದ್ದ ಜ್ವಾಲಾಮುಖಿ ಇದು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಒಂದು ವರ್ಷ ಉತ್ತರ ಪತ್ರಿಕೆಯಲ್ಲಿ ಒಬ್ಬ ಹುಡುಗ 'ಭೂಮಿಯ ಒಳಗೆ ಸೋಡಾ ಉಕ್ಕಿದಾಗ ಜ್ವಾಲಾಮುಖಿ ಆಗುತ್ತದೆ' ಎಂದು ಬರೆದಿದ್ದ. ಅವನದೇನು ತಪ್ಪು? ನಾನು ತೋರಿಸಿದ್ದು ಅದನ್ನೇ ಅಲ್ವಾ.

ಮಂಡ್ಯದಲ್ಲಿ ಜ್ವಾಲಾಮುಖಿ ಇಲ್ಲ. ಇಡೀ ದೇಶದಲ್ಲಿ ಈಗಲೂ ಬೆಂಕಿ ಉಗುಳುವುದು ಅಂಡಮಾನಿನ ಬ್ಯಾರನ್ ದ್ವೀಪ ಒಂದೇ. ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಆಗದ ಮಾತು. ಆದರೆ ಮಂಡ್ಯದಿಂದ ಮೈಸೂರಿಗೆ ಹೋಗಿಬರುವ ದಾರಿಯಲ್ಲೇ ಈ ಪಾಠಕ್ಕೆ ಬೇಕಾದ್ದು ಮುಕ್ಕಾಲು ಪಾಲು ಸಿಗುತ್ತದೆ. ಎರಡು ವರ್ಷ ಹೋಗಿ ಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮೊದಲ ವರ್ಷ ಮಾಡಿದ ತಪ್ಪುಗಳನ್ನು ನೀವು ಮಾಡಬೇಡಿ.

ಮೊದಲ ತಪ್ಪು, ಸೋಮವಾರ ಹೊರಟಿದ್ದು. ಮೈಸೂರಿನ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ. ಗೇಟಿನ ಮುಂದೆ ನಲವತ್ತು ಮಕ್ಕಳನ್ನು ನಿಲ್ಲಿಸಿಕೊಂಡು ಪೆಚ್ಚಾಗಿ ನಿಂತಿದ್ದೆ. ಮಂಗಳವಾರ ಮೃಗಾಲಯಕ್ಕೂ ಕಾರಂಜಿ ಕೆರೆಗೂ ರಜೆ, ಊಟಕ್ಕೆ ಕೆರೆ ದಂಡೆಗೆ ಹೋಗೋಣ ಎಂದರೆ ಅದೂ ಇಲ್ಲ. ಭಾನುವಾರ ಜನ ಜಾಸ್ತಿ. ಬುಧವಾರ ಅಥವಾ ಗುರುವಾರ ಇಟ್ಟುಕೊಳ್ಳಿ. ಆಷಾಢ ಶುಕ್ರವಾರ ಮಾತ್ರ ಬೇಡವೇ ಬೇಡ, ಬೆಟ್ಟದಲ್ಲಿ ಕಲ್ಲು ಕಾಣುವುದಿಲ್ಲ, ತಲೆಗಳಷ್ಟೇ ಕಾಣುತ್ತವೆ. ಬಿಇಒ ಕಚೇರಿಯ ಅನುಮತಿ, ಪೋಷಕರ ಒಪ್ಪಿಗೆ ಪತ್ರ ಎಲ್ಲ ಹದಿನೈದು ದಿನ ಮೊದಲೇ ಆಗಿರಲಿ.

ಬೆಳಿಗ್ಗೆ ಆರಕ್ಕೆ ಬಸ್ ಹತ್ತಿದೆವು. ಮೊದಲ ನಿಲುಗಡೆ ಶ್ರೀರಂಗಪಟ್ಟಣದ ಕಡೆ ಹೋಗುವಾಗ ಸಿಗುವ ಒಂದು ಆಲೆಮನೆ. ಹಿಂದಿನ ದಿನವೇ ಹೋಗಿ ಮಾಲೀಕರನ್ನು ಕೇಳಿಕೊಂಡು ಬಂದಿದ್ದೆ. ಸುಮ್ನೆ ಹೋಗಿ ಇಳಿಯಬೇಡಿ. ಕೊಪ್ಪರಿಗೆ ಒಲೆಯ ಮೇಲೆ ಇರುವ ಹೊತ್ತು ಕೇಳಿ ತಿಳಿದುಕೊಳ್ಳಿ, ಇಲ್ಲದಿದ್ದರೆ ತಣ್ಣಗಿನ ಒಲೆ ನೋಡಿ ಬರಬೇಕಾಗುತ್ತದೆ.

"ಮೇಷ್ಟ್ರೇ, ಮಕ್ಕಳನ್ನ ಇತ್ಲಾಗೆ ನಿಲ್ಸಿ, ಪಾಕ ಹಾರ್ತದೆ" ಎಂದರು ಅಲ್ಲಿಯವರು. ಅವರು ಹೇಳಿದ ಗೆರೆಯಿಂದ ಒಂದು ಹೆಜ್ಜೆಯೂ ಮುಂದೆ ಬಿಡಬೇಡಿ, ಬಿಸಿ ಪಾಕ ಮೈಗೆ ಬಿದ್ದರೆ ಅಂಟಿಕೊಂಡು ಸುಡುತ್ತದೆ.

ನಮ್ಮ ಮಕ್ಕಳು ಹುಟ್ಟಿದಾಗಿನಿಂದ ಆಲೆಮನೆ ನೋಡಿದವರೇ. ಆದರೆ ಅವತ್ತು ಬೇರೆ ಕಣ್ಣಿನಿಂದ ನೋಡಿದರು. ಕಬ್ಬಿನ ಹಾಲು ಬೆಂಕಿ ಜೋರಾಗಿರುವ ಕಡೆ ಮೇಲಕ್ಕೆ ಉಕ್ಕುತ್ತದೆ, ಅಂಚಿಗೆ ಸರಿಯುತ್ತದೆ, ಅಲ್ಲಿ ಮತ್ತೆ ಕೆಳಗಿಳಿಯುತ್ತದೆ. ಮೇಲೆ ತೇಲುವ ಮಡ್ಡಿ ಅದರ ಜೊತೆ ಜರುಗಿ ಅಂಚಿನಲ್ಲಿ ಗುಡ್ಡೆಯಾಗುತ್ತದೆ. ಭೂಮಿಯ ಚಿಪ್ಪಿನ ಫಲಕಗಳು ಜರುಗುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಗೊತ್ತಿಲ್ಲ. ಎರಡು ಎಚ್ಚರಿಕೆ ಮಾತ್ರ ಅಲ್ಲೇ ಹೇಳಿಬಿಡಿ. ಭೂಮಿಯ ಒಳಗೆ, ಚಿಪ್ಪಿನ ಕೆಳಗಿರುವ ಮ್ಯಾಂಟಲ್ ಎಂಬ ಪದರ ಹೀಗೆ ನೀರಾಗಿಲ್ಲ. ಅದು ಗಟ್ಟಿ ಕಲ್ಲೇ, ಲಕ್ಷಾಂತರ ವರ್ಷಗಳಲ್ಲಿ ನಿಧಾನವಾಗಿ ಹರಿಯುತ್ತದೆ. ಇನ್ನೊಂದು, ಫಲಕಗಳನ್ನು ಕೆಳಗಿನ ಹರಿವು ತಳ್ಳುವುದಕ್ಕಿಂತ ಅವುಗಳ ಮುಳುಗುವ ಅಂಚೇ ಜಾಸ್ತಿ ಎಳೆಯುತ್ತದೆ. ಮಂಚದಿಂದ ಕಂಬಳಿಯ ಒಂದು ತುದಿ ಜಾರಿದರೆ ಉಳಿದದ್ದೂ ಅದರ ಹಿಂದೆ ಹೋಗುತ್ತದಲ್ಲ, ಹಾಗೆ.

ಹಾಲು ತೆಳ್ಳಗಿದ್ದಾಗ ಸಲೀಸಾಗಿ ಕುದಿಯುತ್ತದೆ. ಪಾಕ ಗಟ್ಟಿಯಾದಂತೆ ಗುಳ್ಳೆ ಒಳಗೇ ಸಿಕ್ಕಿಕೊಂಡು ಬೊಳಕ್ಕನೆ ಒಡೆದು ಸಿಡಿಯುತ್ತದೆ. ಹವಾಯಿಯ ತೆಳು ಲಾವಾ ತೊರೆಯಂತೆ ಹರಿಯುವುದೇಕೆ, 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಸಿಡಿದು ಆಕಾಶಕ್ಕೆ ಬೂದಿ ಹಾರಿಸಿದ್ದೇಕೆ ಎಂಬುದಕ್ಕೆ ಅರ್ಧ ಉತ್ತರ ಕೊಪ್ಪರಿಗೆಯಲ್ಲೇ ಇದೆ. ಉಳಿದರ್ಧ ಮ್ಯಾಗ್ಮಾದೊಳಗಿನ, ಅಂದರೆ ನೆಲದೊಳಗಿನ ಕರಗಿದ ಕಲ್ಲಿನೊಳಗಿನ, ಅನಿಲ ಎಷ್ಟು ಎನ್ನುವುದರಲ್ಲಿದೆ.

ಹೊರಡುವಾಗ ಒಂದು ಅಚ್ಚು ಬೆಲ್ಲ ಕೊಂಡುಕೊಂಡೆ. ಕಲ್ಲುಸಕ್ಕರೆಯ ಪೊಟ್ಟಣ ಮನೆಯಿಂದಲೇ ತಂದಿದ್ದೆ. ಬೆಟ್ಟದಲ್ಲಿ ಎರಡೂ ಬೇಕಾಗುತ್ತದೆ, ಬಸ್ಸಿನಲ್ಲಿ ಖಾಲಿಯಾಗದಂತೆ ನೋಡಿಕೊಳ್ಳಿ. ಮೊದಲ ವರ್ಷ ಖಾಲಿಯಾಗಿತ್ತು.

ಚಾಮುಂಡಿ ಬೆಟ್ಟದಲ್ಲಿ ಬಸ್ಸನ್ನು ಮೇಲಿನವರೆಗೂ ತೆಗೆದುಕೊಂಡು ಹೋಗಿ, ಮಕ್ಕಳನ್ನು ಮೆಟ್ಟಿಲಲ್ಲಿ ಇಳಿಸಿ. ಬಸ್ ಪಾದದ ಬಳಿ ಬಂದು ಕಾಯಲಿ. ಸಾವಿರ ಮೆಟ್ಟಿಲು ಹತ್ತಿಸಿದರೆ ಯಾರಿಗೂ ಪಾಠ ಕೇಳುವ ಉಸಿರು ಉಳಿದಿರುವುದಿಲ್ಲ. ದರ್ಶನ ಮೊದಲೇ ಮುಗಿಸಿಬಿಡಿ, ಇಲ್ಲದಿದ್ದರೆ ಮಕ್ಕಳ ಮನಸ್ಸೆಲ್ಲ ಅಲ್ಲೇ ಇರುತ್ತದೆ. ತಿಂಡಿಯ ಡಬ್ಬಿ ಮೇಲೆ ತೆರೆಯಬೇಡಿ. ನಮ್ಮ ಚಿತ್ರಾನ್ನದ ಒಂದು ಡಬ್ಬಿ ಕೋತಿಯ ಪಾಲಾಯಿತು.

ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿರುತ್ತಾರೆ, ಕಲ್ಲಿನ ಬಣ್ಣ ಕಾಣುವುದಿಲ್ಲ. ಪಕ್ಕದ ಬಂಡೆ ನೋಡಿ. ಭೂತಗನ್ನಡಿ ಇಟ್ಟರೆ ಗುಲಾಬಿ ಫೆಲ್ಡ್‌ಸ್ಪಾರ್, ಗಾಜಿನಂತಹ ಬೆಣಚು, ನಡುವೆ ಕಪ್ಪು ಚುಕ್ಕಿ. ಇದು ಗ್ರಾನೈಟ್, ವಯಸ್ಸು ಸುಮಾರು 80 ಕೋಟಿ ವರ್ಷ.

"ಸಾ, ಹಂಗಾರೆ ಈ ಬೆಟ್ಟ ಜ್ವಾಲಾಮುಖಿನಾ?"

ಪ್ರತಿ ವರ್ಷ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲ. ಮ್ಯಾಗ್ಮಾ ಹೌದು, ಆದರೆ ಅದು ಹೊರಗೆ ಬರಲೇ ಇಲ್ಲ. ನೆಲದೊಳಗೆ ಆಳದಲ್ಲಿ ನಿಧಾನವಾಗಿ ಆರಿತು. ಮೇಲಿನ ಕಲ್ಲು ಮಳೆ ಗಾಳಿಗೆ ಸವೆದು ಹೋದ ಮೇಲೆ ಇದು ತಲೆ ಎತ್ತಿತು. ಈಗ ಬೆಲ್ಲ, ಕಲ್ಲುಸಕ್ಕರೆ ಹೊರಗೆ ತೆಗೆಯಿರಿ. ನಿಧಾನವಾಗಿ ಹರಳುಗಟ್ಟಿದ್ದಕ್ಕೆ ಕಲ್ಲುಸಕ್ಕರೆಯಲ್ಲಿ ದೊಡ್ಡ ಹರಳು. ಬೇಗ ಆರಿದ್ದಕ್ಕೆ ಬೆಲ್ಲ ನುಣ್ಣಗೆ. ವಿಜಯಪುರದ ಸ್ನೇಹಿತರೊಬ್ಬರು ತಂದುಕೊಟ್ಟ ಕಪ್ಪು ಬಸಾಲ್ಟ್ ಚೂರನ್ನು ಗ್ರಾನೈಟ್ ಪಕ್ಕ ಹಿಡಿದೆ. ಅದು ಸುಮಾರು 6.6 ಕೋಟಿ ವರ್ಷ ಹಿಂದೆ ದಖನ್ ಮೇಲೆ ಹರಿದ ನಿಜವಾದ ಲಾವಾ. ಬರಿಗಣ್ಣಿಗೆ ಹರಳೇ ಕಾಣುವುದಿಲ್ಲ. ಯಾವುದು ಬೆಲ್ಲ, ಯಾವುದು ಕಲ್ಲುಸಕ್ಕರೆ ಎಂದು ಕೇಳಿದೆ. ತಪ್ಪು ಹೇಳಿದವರು ಯಾರೂ ಇರಲಿಲ್ಲ. ಆ ಕಡೆಯ ನೆಂಟರು ಇದ್ದರೆ ಒಂದು ಚೂರು ತರಿಸಿಕೊಳ್ಳಿ, ಚಿತ್ರದಲ್ಲಿ ತೋರಿಸಿದರೆ ಈ ರುಚಿ ಸಿಗುವುದಿಲ್ಲ.

ಮುನ್ನೂರು ಮೆಟ್ಟಿಲು ಇಳಿದರೆ ನಂದಿ. ಒಂದೇ ಬಂಡೆಯಲ್ಲಿ ಕಡೆದದ್ದು, ದೊಡ್ಡ ದೇವರಾಜ ಒಡೆಯರ ಕಾಲದ್ದು. ಅಲ್ಲಿ ನೆರಳಿದೆ, ಕೂರಿಸಿ. ಬಳಪದಿಂದ ನೆಲದ ಮೇಲೆ 65 ಸೆಂಟಿಮೀಟರ್ ಗೆರೆ ಎಳೆಸಿದೆ. ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಉತ್ತರ-ಈಶಾನ್ಯಕ್ಕೆ ಜರುಗುತ್ತಿದೆ. ಹದಿಮೂರು ವರ್ಷದ ಮಗು ಹುಟ್ಟಿದ ಮೇಲೆ ನಂದಿ, ಬೆಟ್ಟ, ಮೈಸೂರು ಎಲ್ಲ ಸೇರಿ ಇಷ್ಟು ದೂರ ಹೋಗಿವೆ. ಒಬ್ಬಳು ಗೆರೆಯ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಗೆ ಹಾರಿದಳು. ಆಮೇಲೆ ಎಲ್ಲರೂ ಹಾರಿದರು. ಹಿಮಾಲಯ ಎದ್ದಿದ್ದು ಇದೇ ಜರುಗಾಟದಿಂದ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಗೆರೆ ಆಮೇಲೆ ಒರೆಸಿದೆವು.

ನಂದಿಯ ಕಡೆಗೆ ಬರುವ ರಸ್ತೆ 2021ರ ಮಳೆಗಾಲದಲ್ಲಿ ಕುಸಿದಿತ್ತು. ಬಂಡೆಯ ಮೇಲಿನ ಸಡಿಲ ಮಣ್ಣು ನೀರು ಕುಡಿದು ಭಾರವಾದರೆ ಜಾರುತ್ತದೆ. 2018ರಲ್ಲಿ ಕೊಡಗಿನಲ್ಲಿ, 2024ರ ಜುಲೈ 30ರ ಬೆಳಗಿನ ಜಾವ ವಯನಾಡಿನಲ್ಲಿ ಆಗಿದ್ದು ಅದರ ದೊಡ್ಡ ರೂಪ. ಹೊಸ ಬಿರುಕು, ಇದ್ದಕ್ಕಿದ್ದಂತೆ ವಾಲಿದ ಮರ, ತೊರೆಯ ನೀರು ಏಕಾಏಕಿ ಕೆಂಪಾಗುವುದು. ಗುಡ್ಡ ಕುಸಿಯುವ ಈ ಮೂರು ಮುನ್ಸೂಚನೆಗಳನ್ನು ಬಾಯಿಪಾಠ ಮಾಡಿಸಿ.

ವಸ್ತುಸಂಗ್ರಹಾಲಯಕ್ಕೆ ಒಂದು ಗಂಟೆ ಸಾಕು. ಭೂಮಿಯ ಕಾಲಗಳ ಭಾಗ ನೋಡಿಸಿ, ಉಳಿದದ್ದು ಮಕ್ಕಳ ಇಷ್ಟ. ಊಟ ಕಾರಂಜಿ ಕೆರೆಯ ಕಡೆ.

ಮಧ್ಯಾಹ್ನದ ಹೊತ್ತನ್ನೆಲ್ಲ ಶ್ರೀರಂಗಪಟ್ಟಣಕ್ಕೆ ಇಟ್ಟುಕೊಳ್ಳಿ. ನಮ್ಮ ಮಕ್ಕಳಿಗೆ ಜ್ವಾಲಾಮುಖಿಯಿಂದ ಅಪಾಯವಿಲ್ಲ. ಅಪಾಯ ಇರುವುದು ಹೊಳೆಯಿಂದ. 1804ರ ವೆಲ್ಲೆಸ್ಲಿ ಸೇತುವೆಯ ಬಳಿ ದಂಡೆಯ ಮೇಲೆ ಕೂತೆವು. ನೀರಿಗೆ ಇಳಿಯಲು ಯಾರನ್ನೂ ಬಿಡಬೇಡಿ, ಕಾವೇರಿ ಮೇಲೆ ಶಾಂತವಾಗಿ ಕಂಡರೂ ಒಳಗೆ ಸುಳಿ ಇರುತ್ತದೆ. ಕೆಆರ್‌ಎಸ್‌ನಿಂದ ಒಂದು ಲಕ್ಷ ಕ್ಯೂಸೆಕ್ ಬಿಟ್ಟರು ಎಂದು ಪೇಪರಿನಲ್ಲಿ ಓದುತ್ತೇವಲ್ಲ, ಅದು ಎಷ್ಟು? ಲೆಕ್ಕ ಹಾಕಿಸಿದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಆದರೆ ಪ್ರತಿ ಸೆಕೆಂಡಿಗೆ 280. ಸದ್ದೇ ಅಡಗಿತು.

ಆಗ ಪಾಂಡವಪುರದ ಕಡೆಯ ಹುಡುಗ ಎದ್ದ. "ಸಾ, ನಮ್ಮೂರಲ್ಲಿ ಒಂದ್ಸಲ ಢಂ ಅಂತ ಶಬ್ದ ಬಂದು ಕಿಟಕಿ ಎಲ್ಲ ಅದುರಿತ್ತು. ಅದು ಭೂಕಂಪನಾ?" ಅವನು ಕೇಳಿದ ಶಬ್ದ ಯಾವುದೋ ನಾನು ಹೇಳಲಾರೆ. ಬಂಡೆ ಸಿಡಿಸಿದರೂ ಹತ್ತಿರದ ಕಿಟಕಿ ಅದುರುತ್ತದೆ. 2024ರ ಜನವರಿಯಲ್ಲಿ ಹೈಕೋರ್ಟ್ ಕೆಆರ್‌ಎಸ್ ಸುತ್ತ 20 ಕಿ.ಮೀ. ಗಣಿಗಾರಿಕೆ ನಿಷೇಧಿಸಿದ್ದನ್ನು ನೆನಪಿಸಿದೆ. ಆದರೆ ನಮ್ಮದು ಗಟ್ಟಿ ನೆಲ, ಏನೂ ಆಗುವುದಿಲ್ಲ ಎಂದು ಮಾತ್ರ ಹೇಳಲಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರಿನ ಕಿಲ್ಲಾರಿಯಲ್ಲೂ ಜನ ಹಾಗೇ ನಂಬಿ ಮಲಗಿದ್ದರು. ಮಣ್ಣು ಮೆತ್ತಿದ ಕಲ್ಲಿನ ಗೋಡೆಗಳು ಬಿದ್ದು ಸುಮಾರು ಹತ್ತು ಸಾವಿರ ಜನ ಸತ್ತರು.

ಭೂಕಂಪದ ಅಣಕು ಅಭ್ಯಾಸವನ್ನು ಪ್ರವಾಸದಲ್ಲಿ ಮಾಡಿಸಬೇಡಿ, ಅದು ಆಟವಾಗಿಬಿಡುತ್ತದೆ. ಮರುದಿನ ತರಗತಿಯಲ್ಲೇ ಮಾಡಿಸಿ. ನಮ್ಮ ಶಾಲೆಯ ಬೆಂಚಿನ ಕೆಳಗೆ ಮೂವರು ಹಿಡಿಯುವುದಿಲ್ಲ ಎಂದು ಆಗಲೇ ಗೊತ್ತಾಗಿದ್ದು! ಜಾಗ ಸಿಗದವರು ಒಳಗೋಡೆಯ ಬಳಿ, ಕಿಟಕಿಯಿಂದ ದೂರ ಕುಕ್ಕರಗಾಲಲ್ಲಿ ಕೂತು ತಲೆ, ಕುತ್ತಿಗೆ ಮುಚ್ಚಿಕೊಂಡರು. ನಡುಗುವಾಗ ಓಡಬಾರದು, ಹೆಂಚಿನ ಮನೆಯ ಬಾಗಿಲಲ್ಲಿ ನಿಲ್ಲಬಾರದು, ನಡುಕ ನಿಂತ ಮೇಲೆ ಬಯಲಿಗೆ.

ದಂಡೆಯ ಮೇಲೆ ಸುಮಾತ್ರಾ ಬಳಿಯ ಸಿಮ್ಯೂಲು ದ್ವೀಪದ ಕತೆ ಹೇಳಿದೆ. ಅಲ್ಲಿ 1907ರಲ್ಲಿ ಸುನಾಮಿ ಬಂದಿತ್ತು. ನೆಲ ನಡುಗಿ ಸಮುದ್ರ ಹಿಂದಕ್ಕೆ ಸರಿದರೆ ಗುಡ್ಡ ಹತ್ತಿ ಎಂದು ಅಜ್ಜಿಯರು ಹಾಡು, ಕತೆ ಕಟ್ಟಿ ಹೇಳುತ್ತಾ ಬಂದರು. 2004ರ ಸುನಾಮಿಯಲ್ಲಿ ಅಲ್ಲಿನ ಸುಮಾರು 78 ಸಾವಿರ ಜನರಲ್ಲಿ ಸತ್ತವರು ಏಳು.

ಕೊನೆಗೆ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ನೆರೆ ಬಂದರೆ ಮನೆಯಲ್ಲಿ ಮೊದಲು ಏನು ಮಾಡುತ್ತೀರಿ, ಬರೆಯಿರಿ ಎಂದೆ. ನನ್ನ ಬಳಿ ಒಂದು ಪಟ್ಟಿ ತಯಾರಿತ್ತು: ಟಾರ್ಚ್, ಕುಡಿಯುವ ನೀರು, ಮಾತ್ರೆ, ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಮತ್ತು ಪಹಣಿ, ಕರೆಂಟಿನ ಮೇನ್ ಸ್ವಿಚ್ ಆಫ್, ಸಹಾಯವಾಣಿ 112 ಮತ್ತು 1077. ಹೊಳೆಸಾಲಿನ ಊರಿನ ಹುಡುಗಿಯೊಬ್ಬಳ ಹಾಳೆಯ ಮೊದಲ ಸಾಲು ಹೀಗಿತ್ತು: 'ಕೊಟ್ಟಿಗೇಲಿ ಹಸು ಹಗ್ಗ ಬಿಚ್ಚೋದು'.

ನನ್ನ ಪಟ್ಟಿಯಲ್ಲಿ ಅದು ಇರಲಿಲ್ಲ. ಅಲ್ಲೇ ಪೆನ್ನು ತೆಗೆದು ಸೇರಿಸಿಕೊಂಡೆ. ಏಳು ಗಂಟೆಗೆ ಮಂಡ್ಯ ಸೇರಿದೆವು.